ಐದು ಸೆಂಟ್ಸ್ ಜಾಗದ ಬಾವಿ

ಕಾಸರಗೋಡು ಪೇಟೆಯ ಯಾವ ಓಣಿಗೆ ಬೇಕಾದರೂ ಹೋಗಿ ನೋಡಿ. ನುಳ್ಳಿಪ್ಪಾಡಿ ಇರಲಿ, ಬೀರಂತಬೈಲು ಇರಲಿ, ಅಣಂಗೂರು ಇರಲಿ. ಗೇಟು ದಾಟಿದ ಕೂಡಲೇ ಬಾವಿ ಕಾಣುತ್ತದೆ. ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಎಲೆ ಬೀಳದ ಹಾಗೆ ಹಸಿರು ನೆಟ್, ಪಕ್ಕದಲ್ಲಿ ಪಂಪು. ಕರೆಂಟು ಹೋದರೆ ಬೇಕಾಗುತ್ತದೆ ಎಂದು ರಾಟೆಯನ್ನೂ ಹಗ್ಗವನ್ನೂ ಉಳಿಸಿಕೊಂಡವರು ಈಗಲೂ ಜಾಸ್ತಿ. ಆಚೆ ಕಂಪೌಂಡಿಗೆ ಇಣುಕಿದರೆ ಅಲ್ಲೂ ಬಾವಿ. ಅದರಾಚೆಯೂ ಬಾವಿ. ಬೆಂಗಳೂರಿನಿಂದ ಬಂದ ನೆಂಟರು ‘ಮನೆಗೊಂದು ಬಾವಿಯಾ?’ ಎಂದು ಕೇಳುತ್ತಾರೆ. ನಮಗೆ ಅದು ಕೇಳುವಂಥ ವಿಷಯವೇ ಅಲ್ಲ. ಇಲ್ಲಿ ಮನೆ ಕಟ್ಟುವವರು ಮೊದಲು ಬಾವಿ ತೋಡಿಸುತ್ತಾರೆ. ಆ ನೀರಿನಲ್ಲೇ ಸಿಮೆಂಟು ಕಲಸಿ ಗೋಡೆ ಏಳುತ್ತದೆ.

ಬಾವಿ ಇರುವವರಿಗೆ ಒಂದು ಧೈರ್ಯ ಇರುತ್ತದೆ. ನಮ್ಮ ನೀರು ನಮ್ಮದು, ಯಾರ ಹಂಗೂ ಇಲ್ಲ ಅನ್ನುವ ಧೈರ್ಯ. ಬಾವಿಯ ಕಟ್ಟೆ, ರಿಂಗು, ಪಂಪು ಎಲ್ಲ ನಮ್ಮ ದಸ್ತಾವೇಜಿನ ಗಡಿಯೊಳಗೇ ಇವೆ, ನಿಜ. ಆದರೆ ನೀರು ದಸ್ತಾವೇಜು ಓದಿಕೊಂಡು ಬರುವುದಿಲ್ಲ. ಈ ಸಣ್ಣ ಸಂಗತಿ ಅರ್ಥವಾಗದೆ ನಮ್ಮ ಓಣಿಯಲ್ಲಿ ಒಂದು ಮಳೆಗಾಲ ಪೂರ್ತಿ ಎರಡು ಮನೆಯವರು ಮುಖ ಕೊಟ್ಟು ಮಾತಾಡಲಿಲ್ಲ. ಬೇರೆ ಓಣಿಗಳಲ್ಲೂ ಇದೇ ಜಗಳ ಇದೆ ಎಂದು ಕೇಳಿದ ಮೇಲೆ ಬರೆಯಲೇಬೇಕು ಅನಿಸಿತು.

ಮೊದಲು ಜಾಗದ ಲೆಕ್ಕ ಹೇಳುತ್ತೇನೆ. ನಮ್ಮ ಓಣಿ ಇರುವುದು ಹಳೆಯ ತೆಂಗಿನ ತೋಟವೊಂದರಲ್ಲಿ. ಆಗ ಅಲ್ಲಿ ಒಂದೇ ಮನೆ, ಒಂದೇ ಬಾವಿ. ಕಕ್ಕಸಿನ ಗುಂಡಿ ತೋಟದ ಇನ್ನೊಂದು ತುದಿಯಲ್ಲಿ. ಪಾಲಾಯಿತು, ಮಾರಾಟವಾಯಿತು, ಪುನಃ ಪಾಲಾಯಿತು. ಈಗ ಐದೈದು ಸೆಂಟ್ಸಿನ ಜಾಗಗಳು. ಐದು ಸೆಂಟ್ಸ್ ಅಂದರೆ ಹೆಚ್ಚುಕಡಿಮೆ 200 ಚದರ ಮೀಟರ್. ಚೌಕವಾಗಿ ತೆಗೆದುಕೊಂಡರೆ ಒಂದೊಂದು ಬದಿ 14 ಮೀಟರ್. ಅದರಲ್ಲಿ ಮನೆ ಬೇಕು, ಕಾರು ನಿಲ್ಲಲು ಜಾಗ ಬೇಕು, ಬಾವಿ ಬೇಕು, ಶೌಚದ ಗುಂಡಿಯೂ ಬೇಕು. ನಮ್ಮ ಪೇಟೆಗೆ ಒಳಚರಂಡಿ ಇಲ್ಲ. ಮನೆಯೊಳಗಿನದು ಮನೆಯ ಜಾಗದಲ್ಲೇ ಇಂಗಬೇಕು.

ಕೇರಳದ ಕಟ್ಟಡ ನಿಯಮದ ಪ್ರಕಾರ ಶೌಚದ ನೀರು ಇಳಿಯುವ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಏಳೂವರೆ ಮೀಟರ್ ಅಂತರ ಇರಬೇಕು. ಐದು ಸೆಂಟ್ಸಿನಲ್ಲಿ ಅದು ಆಗದ ಮಾತೇನೂ ಅಲ್ಲ. ಬಾವಿ ಒಂದು ಮೂಲೆಯಲ್ಲಿ, ಗುಂಡಿ ಇನ್ನೊಂದು ಮೂಲೆಯಲ್ಲಿ ಇದ್ದರೆ ಅಂತರ ಸಿಗುತ್ತದೆ. ಎಲ್ಲರೂ ಹಾಗೆಯೇ ಮಾಡಿದ್ದಾರೆ. ಆದರೆ ನಮ್ಮ ಬಾವಿಯಿಂದ ದೂರದ ಮೂಲೆ ಅಂದರೆ ಅದು ಪಕ್ಕದವರ ಬಾವಿಗೆ ಹತ್ತಿರದ ಮೂಲೆ.

ಅದರ ಮೇಲೆ ವಾಸ್ತು. ಬಾವಿ ಈಶಾನ್ಯಕ್ಕೆ ಬೇಕು, ಗುಂಡಿ ವಾಯವ್ಯಕ್ಕೆ ಆಗಬಹುದು ಅನ್ನುತ್ತಾರೆ. ನಮ್ಮ ಸಾಲಿನ ಎಲ್ಲ ಮನೆಯವರೂ ಅದನ್ನು ಶ್ರದ್ಧೆಯಿಂದ ಪಾಲಿಸಿದ್ದಾರೆ. ಒಂದು ಕಾಗದದ ಮೇಲೆ ಸಾಲಾಗಿ ನಾಲ್ಕು ಚೌಕ ಹಾಕಿ ನೋಡಿ. ನಮ್ಮ ಈಶಾನ್ಯ ಮೂಲೆಗೆ ತಾಗಿಕೊಂಡಿರುವುದು ಪೂರ್ವದ ಮನೆಯವರ ವಾಯವ್ಯ ಮೂಲೆ. ಅಂದರೆ ನಮ್ಮ ಬಾವಿಯ ಬಗಲಲ್ಲಿ ಅವರ ಗುಂಡಿ, ಪಶ್ಚಿಮದವರ ಬಾವಿಯ ಬಗಲಲ್ಲಿ ನಮ್ಮ ಗುಂಡಿ. ಪಶ್ಚಿಮದಿಂದ ಹೇಳುವುದಾದರೆ ಮೊದಲು ಉಮ್ಮನ ಮನೆ, ಮತ್ತೆ ನಮ್ಮದು, ಆಮೇಲೆ ಬಾಯಮ್ಮನದ್ದು, ಕೊನೆಗೆ ಮಾಷ್ ಮನೆ. ಸಾಲಿನ ಉದ್ದಕ್ಕೂ ಗೋಡೆಯ ಈಚೆ ಬಾವಿ, ಆಚೆ ಗುಂಡಿ. ಮಧ್ಯೆ ಒಂದು ಕಂಪೌಂಡ್ ಗೋಡೆ. ಆ ಗೋಡೆ ಇರುವುದು ನೆಲದ ಮೇಲೆ.

ನೆಲದ ಕೆಳಗೆ ಇರುವುದು ಮುರಕಲ್ಲು. ಕೆಂಪುಕಲ್ಲು ಅಂತಲೂ ಹೇಳುತ್ತೇವೆ. ಹೊಸದಾಗಿ ಕಡಿದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ, ಉದ್ದಿನ ದೋಸೆಯ ಹಾಗೆ ಮೈಯೆಲ್ಲ ತೂತು. ಮಳೆನೀರು ಆ ತೂತುಗಳಲ್ಲಿ ಸಲೀಸಾಗಿ ಇಳಿದು, ಕೆಳಗಿನ ಶೇಡಿ ಮಣ್ಣಿನ ಪದರ ಸಿಕ್ಕಿದಲ್ಲಿ ನಿಂತು, ಅಡ್ಡಕ್ಕೆ ಹರಿಯುತ್ತದೆ. ನಮ್ಮ ಬಾವಿಗಳ ಒಸರು ಬರುವುದೇ ಹೀಗೆ. ಈ ಜಿಲ್ಲೆಯ ಗುಡ್ಡಗಳಲ್ಲಿ ಹಿರಿಯರು ಸುರಂಗ ಕೊರೆದು ನೀರು ತಂದದ್ದೂ ಈ ಗುಣವನ್ನು ನಂಬಿಯೇ. ಒಬ್ಬನೇ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ಆ ಸುರಂಗಗಳು ಎಣ್ಮಕಜೆ, ಬಾಯಾರು ಕಡೆ ಇಂದಿಗೂ ಮನೆ-ತೋಟಗಳಿಗೆ ನೀರು ಕೊಡುತ್ತಿವೆ. ಆದರೆ ಒಳ್ಳೆಯ ನೀರನ್ನು ಸಲೀಸಾಗಿ ಬಿಡುವ ಕಲ್ಲು ಕೆಟ್ಟ ನೀರನ್ನು ತಡೆಯುತ್ತದೆಯೇ? ಮರಳೋ ಮಣ್ಣೋ ಆದರೆ ನಿಧಾನಕ್ಕೆ ಸೋಸುತ್ತದೆ. ಮುರಕಲ್ಲಿಗೆ ಅಷ್ಟು ತಾಳ್ಮೆ ಇಲ್ಲ.

ಬೇಸಗೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮ ಬಾವಿ ಹನ್ನೆರಡು ಕೋಲು ಆಳ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಎಪ್ರಿಲ್‌ನಲ್ಲಿ ನೀರು ತಳದಲ್ಲಿರುತ್ತದೆ, ಗುಂಡಿಯ ತಳ ಅದಕ್ಕಿಂತ ಎಷ್ಟೋ ಮೇಲೆ. ಜುಲೈ ಬಂತೆಂದರೆ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಕೊಡಪಾನವನ್ನು ನಾಲ್ಕು ಮೊಳ ಹಗ್ಗದಲ್ಲಿ ಬಿಟ್ಟರೆ ಸಾಕು. ಆಗ ಗುಂಡಿಯ ತಳವೂ ನೀರಿನ ಒಳಗೇ. ಬಾವಿ ತುಂಬಿದ ಖುಷಿಯಲ್ಲಿ ನಾವು ಈ ಸಂಗತಿಯನ್ನು ಯೋಚಿಸುವುದೇ ಇಲ್ಲ. ತುಂಬಿದ ಬಾವಿಯ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದಲ್ಲ.

ಬಾಯಮ್ಮನ ಮನೆಯಲ್ಲಿ ಮೊಮ್ಮಗನಿಗೆ ಕಾಮಾಲೆ ಬಂದದ್ದು ಅಂಥದ್ದೇ ಒಂದು ಮಳೆಗಾಲದಲ್ಲಿ. ಹುಡುಗ ಶಾಲೆಯಿಂದ ಬಂದು ಮಲಗಿದವನು ಎದ್ದಿರಲಿಲ್ಲ. ಊಟ ಬೇಡ, ವಾಂತಿ, ಕಣ್ಣು ಹಳದಿ. ಡಾಕ್ಟರು ಹೆಪಟೈಟಿಸ್ ಎ ಎಂದರು. ನೀರಿನಿಂದ, ಆಹಾರದಿಂದ ಬರುವಂಥದ್ದು. ಹುಡುಗ ಕ್ರಮೇಣ ಹುಷಾರಾದ. ಆದರೆ ಬಾಯಮ್ಮ ಬಾವಿಯ ಹತ್ತಿರ ಹೋಗಿ ನಿಂತು, ಗೋಡೆಯಾಚೆಗಿನ ಮಾಷ್ ಮನೆಯ ಗುಂಡಿಯ ಮುಚ್ಚಳವನ್ನು ನೋಡಿ, ಜೋರಾಗಿ ಕೇಳಿಯೇ ಬಿಟ್ಟರು. ‘ನಿಮ್ಮ ಗುಂಡಿ ನಮ್ಮ ಬಾವಿಗೆ ತಾಗಿಯೇ ಉಂಟಲ್ಲ ಮಾಷೇ, ಎಂತ ಮಾಡುವುದು ಇನ್ನು?’

ಮಾಷ್ ನಿವೃತ್ತ ಅಧ್ಯಾಪಕರು, ಲೆಕ್ಕಾಚಾರದ ಮನುಷ್ಯ. ನಗರಸಭೆಯಿಂದ ಮಂಜೂರಾದ ಪ್ಲಾನ್ ತಂದು ತೋರಿಸಿದರು. ತಮ್ಮ ಬಾವಿಯಿಂದ ತಮ್ಮ ಗುಂಡಿಗೆ ಇರಬೇಕಾದಷ್ಟು ಅಂತರ ಉಂಟು, ತಮ್ಮ ಜಾಗದಲ್ಲೇ ಉಂಟು ಎಂದರು. ಸುಳ್ಳಲ್ಲ. ಬಾಯಮ್ಮನ ಸಂಕಟವೂ ಸುಳ್ಳಲ್ಲ. ಮಾತಿಗೆ ಮಾತು ಬೆಳೆಯಿತು. ಮಾರನೇ ವಾರ ಗೋಡೆಯ ಮೇಲೆ ಇನ್ನೆರಡು ವರಸೆ ಕಲ್ಲು ಏರಿತು. ಹಬ್ಬಕ್ಕೆ ಆಚೆಯಿಂದ ಈಚೆಗೆ ಬರುತ್ತಿದ್ದ ಪಾಯಸದ ಪಾತ್ರೆ ಆ ವರ್ಷ ಬರಲಿಲ್ಲ.

ನಮ್ಮ ಓಣಿಯಲ್ಲಿ ಒಂದು ಕುಟುಂಬಶ್ರೀ ಘಟಕ ಇದೆ. ಕುಟುಂಬಶ್ರೀ ಅಂದರೆ ಹೆಂಗಸರ ಸ್ವಸಹಾಯ ಗುಂಪುಗಳ ಸರಕಾರಿ ಯೋಜನೆ, ಕೇರಳದಲ್ಲಿ ಶುರುವಾದದ್ದು 1998ರಲ್ಲಿ. ಉಳಿತಾಯ, ಸಾಲದ ಜೊತೆಗೆ ಓಣಿಯ ಎಲ್ಲ ವಿಷಯವೂ ಅಲ್ಲಿ ಮಾತಿಗೆ ಬರುತ್ತದೆ. ಭಾನುವಾರ ಮಧ್ಯಾಹ್ನ ಯಾರದಾದರೂ ಜಗಲಿಯಲ್ಲಿ ಕೂರುತ್ತೇವೆ. ಕನ್ನಡ, ಮಲಯಾಳ, ತುಳು, ಕೊಂಕಣಿ ಎಲ್ಲ ಸೇರಿದ ಮಾತು. ಅವತ್ತು ಉಮ್ಮನ ಮನೆಯಲ್ಲಿ ಸೇರಿದ್ದೆವು. ಬಾಯಮ್ಮ ತಮ್ಮ ಬಾವಿಯ ನೀರನ್ನು ಟೆಸ್ಟಿಗೆ ಕೊಡುತ್ತೇನೆ, ರಿಪೋರ್ಟು ಬಂದ ಮೇಲೆ ಮಾಷನ್ನು ನೋಡಿಕೊಳ್ಳುತ್ತೇನೆ ಎಂದರು. ಉಮ್ಮ ಚಹಾ ಕೊಡುತ್ತಿದ್ದವರು ನಿಂತು ಹೇಳಿದರು, ‘ನಿಮ್ಮದೊಂದೇ ಯಾಕೆ ಬಾಯಮ್ಮ? ಸಾಲಿನಲ್ಲಿರುವ ಎಲ್ಲ ಬಾವಿಯದ್ದೂ ಕೊಡುವ. ನನ್ನದರಿಂದಲೇ ಶುರು ಮಾಡಿ.’

ಆ ಮಾತಿಗೆ ನಾನು ಇವತ್ತಿಗೂ ಕೃತಜ್ಞಳು. ಒಂದು ಬಾವಿಯ ರಿಪೋರ್ಟು ಬಂದಿದ್ದರೆ ಅದು ದೂರಿನ ಕಾಗದ ಆಗುತ್ತಿತ್ತು. ಎಲ್ಲ ಬಾವಿಗಳದ್ದೂ ಬಂದದ್ದರಿಂದ ಅದು ಓಣಿಯ ಕಾಗದ ಆಯಿತು.

ನೀರು ತೆಗೆಯುವುದಕ್ಕೂ ಒಂದು ಕ್ರಮ ಇದೆ. ಮನೆಯ ಯಾವುದೋ ಬಾಟಲಿಯಲ್ಲಿ ಒಯ್ದರೆ ಆಗುವುದಿಲ್ಲ. ರೋಗಾಣು ಪರೀಕ್ಷೆಗೆ ಶುದ್ಧಗೊಳಿಸಿದ ಬಾಟಲಿಯನ್ನು ಲ್ಯಾಬಿನವರೇ ಕೊಡುತ್ತಾರೆ. ಬಾಯಿಗೂ ಮುಚ್ಚಳದ ಒಳಬದಿಗೂ ಕೈ ತಾಗಬಾರದು. ತುಂಬಿಸಿದ ಮೇಲೆ ತಂಪಾಗಿ ಇಟ್ಟು ಕೆಲವೇ ಗಂಟೆಗಳಲ್ಲಿ ತಲುಪಿಸಬೇಕು. ನಾವು ಐಸ್ ಹಾಕಿದ ಮೀನಿನ ಥರ್ಮೋಕೋಲ್ ಪೆಟ್ಟಿಯೊಂದನ್ನು ಚೆನ್ನಾಗಿ ತೊಳೆದು ಅದರಲ್ಲಿ ಬಾಟಲಿಗಳನ್ನು ಜೋಡಿಸಿ ಆಟೋದಲ್ಲಿ ಕಳಿಸಿದೆವು. ಮಾಷ್ ಮನೆಯವರು ಕೊಡುತ್ತಾರೋ ಇಲ್ಲವೋ ಎಂದು ಅನುಮಾನ ಇತ್ತು. ಅವರ ಹೆಂಡತಿ ಬೆಳಿಗ್ಗೆ ತಾವೇ ಬಾಟಲಿ ತಂದುಕೊಟ್ಟರು.

ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು ಎನ್ನುವುದು ನಿಯಮ. ನಮ್ಮ ಸಾಲಿನಲ್ಲಿ ಅದು ಇಲ್ಲದ ಬಾವಿಯೇ ಇರಲಿಲ್ಲ. ಕಡಿಮೆ ಜಾಸ್ತಿ ಇತ್ತು, ಅಷ್ಟೇ. ಮಾಷ್ ಮನೆಯ ಪೂರ್ವಕ್ಕೆ ಖಾಲಿ ಜಾಗ. ಅಲ್ಲಿ ಯಾರ ಗುಂಡಿಯೂ ಇಲ್ಲ. ಆದರೂ ಅವರ ಬಾವಿಯಲ್ಲೂ ಇತ್ತು. ಕೇರಳದ ತೆರೆದ ಬಾವಿಗಳ ಪರೀಕ್ಷೆ ನಡೆದ ಹಲವು ಕಡೆ ಹೆಚ್ಚಿನ ಬಾವಿಗಳಲ್ಲಿ ಇದೇ ಗುಂಪಿನ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕಂಡಿದೆ. ಪತ್ರಿಕೆಯಲ್ಲಿ ಓದಿದಾಗ ಅದು ಬೇರೆಯವರ ಸುದ್ದಿ ಆಗಿತ್ತು. ನಮ್ಮ ಮನೆ ನಂಬರಿನ ಎದುರು ಬರೆದದ್ದನ್ನು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಇದೇ ನೀರಿನಲ್ಲಿ ಮಕ್ಕಳನ್ನು ಬೆಳೆಸಿದ್ದೇವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವೆಲ್ಲ ಕುದಿಸಿದ ನೀರನ್ನೇ ಕುಡಿಯುವವರು. ಜೀರಿಗೆಯೋ ಪತಿಮುಖದ ಚಕ್ಕೆಯೋ ಹಾಕಿ ಕುದಿಸುವುದು ಈ ಕಡೆಯ ರೂಢಿ. ಆದರೂ ರೋಗ ಬಂತಲ್ಲ? ಬಿಸಿ ನೀರು ಕುಡಿಯಲು ಆಗುವುದಿಲ್ಲ ಎಂದು ಅರ್ಧ ಲೋಟ ಬಿಸಿಗೆ ಅರ್ಧ ಲೋಟ ತಣ್ಣೀರು ಬೆರೆಸುತ್ತೇವೆ. ಮನೆಯಲ್ಲೂ ಹಾಗೆ, ಮದುವೆ ಊಟದಲ್ಲೂ ಹಾಗೆ. ಕುದಿಸಿದ್ದರ ಪ್ರಯೋಜನ ಅಲ್ಲಿಗೆ ಮುಗಿಯಿತು. ಆರೋಗ್ಯ ಇಲಾಖೆಯವರು ಇದನ್ನು ಹೇಳುತ್ತಲೇ ಇರುತ್ತಾರೆ. ಪಾತ್ರೆ ತೊಳೆಯುವುದು, ಹಲ್ಲುಜ್ಜುವುದು, ಸೊಪ್ಪು ತೊಳೆಯುವುದು ಎಲ್ಲ ಹಸಿ ನೀರಿನಲ್ಲೇ ಎಂಬುದು ಬೇರೆ.

ಹಾಗಾಗಿ ಬಾವಿಗೇ ಮದ್ದು ಹಾಕಬೇಕು. 2025ರ ಆಗಸ್ಟ್ ಕೊನೆಗೆ, ಅಮೀಬಾದಿಂದ ಬರುವ ಮೆದುಳು ಜ್ವರದ ಹೆದರಿಕೆಯಲ್ಲಿ, ಕೇರಳದಾದ್ಯಂತ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನ ನಡೆಯಿತು. ನಮ್ಮ ಓಣಿಯವರಿಗೆ ಅಷ್ಟರೊಳಗೆ ಕೈ ಪಳಗಿತ್ತು. ಮೊದಲ ಸಲ ಕಲಿಸಿಕೊಟ್ಟದ್ದು ಆಶಾ ಕಾರ್ಯಕರ್ತೆ. ಆಕೆ ಮಾಡಿದ್ದನ್ನು ಹಾಗೆಯೇ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ.

ಮೊದಲು ಕಲ್ಲು ಕಟ್ಟಿದ ಹಗ್ಗ ಇಳಿಸಿ ನೀರು ಎಷ್ಟು ಆಳ ಇದೆ ಎಂದು ನೋಡಿದರು. ಒದ್ದೆಯಾದಷ್ಟು ಉದ್ದವನ್ನು ಟೇಪಿನಲ್ಲಿ ಅಳೆದರು. ಮೂರು ಮೀಟರ್. ಬಾವಿಯ ಅಗಲ ಎರಡು ಮೀಟರ್, ಅದರ ಅರ್ಧ ಒಂದು ಮೀಟರ್. ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನಮ್ಮ ಬಾವಿಯಲ್ಲಿ ಅವತ್ತು ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್. ರೋಗ ಹರಡುತ್ತಿರುವಾಗ ಐದು ಗ್ರಾಂ. ಅಂದರೆ ನಮಗೆ ಬೇಕಾದದ್ದು 24 ಗ್ರಾಂ. ‘ಇಷ್ಟೇನಾ?’ ಎಂದೆ. ಕಣ್ಣಂದಾಜಿನಲ್ಲಿ ಹಾಕುವವರು ಇದರ ಹತ್ತು ಪಟ್ಟು ಸುರಿಯುತ್ತಾರೆ. ಆಮೇಲೆ ನೀರು ವಾಸನೆ ಎಂದು ಬಿಟ್ಟುಬಿಡುತ್ತಾರೆ.

ಪೌಡರನ್ನು ಪ್ಲಾಸ್ಟಿಕ್ ಬಕೆಟಿಗೆ ಹಾಕಿ, ಸ್ವಲ್ಪವೇ ನೀರು ಬಿಟ್ಟು, ಕೋಲಿನಿಂದ ಗಂಟಿಲ್ಲದ ಹಾಗೆ ಕಲಸಿದರು. ಮತ್ತೆ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ ಹತ್ತು ನಿಮಿಷ ಬಿಟ್ಟರು. ಬಿಳಿ ಸುಣ್ಣ ತಳಕ್ಕೆ ಕೂತಿತು. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಬಗ್ಗಿಸಿ, ಅದನ್ನು ಹಗ್ಗಕ್ಕೆ ಕಟ್ಟಿ ಬಾವಿಯ ತಳದವರೆಗೆ ಇಳಿಸಿ, ಮೇಲೆ ಕೆಳಗೆ, ಮೇಲೆ ಕೆಳಗೆ ಎಂದು ಆಡಿಸಿದರು. ಬಾವಿಯ ನೀರೆಲ್ಲ ಕದಡಿತು. ಒಂದು ಗಂಟೆ ಕಳೆದು ಬಳಸಬಹುದು. ಸಾಯಂಕಾಲ ಹಾಕಿ ಬೆಳಿಗ್ಗೆ ಪಂಪು ಹಾಕಿದರೆ ಇನ್ನೂ ಒಳ್ಳೆಯದು. ಚಹಾಕ್ಕೆ ಒಂದು ದಿನ ವಾಸನೆ ಬಂತು ನಿಜ, ಮರುದಿನ ಇರಲಿಲ್ಲ.

ಇದರಲ್ಲಿ ಮುಖ್ಯ ಸಂಗತಿ, ಒಬ್ಬರೇ ಹಾಕಿದರೆ ಆಗುವುದಿಲ್ಲ. ಒಸರು ನಿಲ್ಲುವುದಿಲ್ಲವಲ್ಲ. ಇವತ್ತು ಶುದ್ಧವಾದ ಬಾವಿಗೆ ನಾಳೆ ಹೊಸ ನೀರು ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಸಾಲಿನ ಎಲ್ಲರೂ ಒಂದೇ ದಿನ ಹಾಕುವುದು ಎಂದು ಮಾಡಿಕೊಂಡಿದ್ದೇವೆ. ಪೌಡರನ್ನು ಘಟಕದಿಂದ ತಂದು, ಅಂಗಡಿಯ ತಕ್ಕಡಿಯಲ್ಲಿ ತೂಗಿ, ಮನೆಮನೆಯ ಪೊಟ್ಟಣ ಕಟ್ಟುತ್ತೇವೆ. ಪೊಟ್ಟಣ ಬಿಚ್ಚಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅದಕ್ಕೆ ಅವತ್ತಿನದ್ದು ಅವತ್ತೇ.

ಮುದ್ರಿಸಿ ಹಂಚಿದ ಸೂಚನೆಯ ಹಾಳೆ ಬಂದದ್ದು ಮಲಯಾಳದಲ್ಲಿ ಮಾತ್ರ. ನಮ್ಮ ಓಣಿಯ ಎಳೆಯರಿಗೆ ಓದಲು ಬರುತ್ತದೆ. ಬಾಯಮ್ಮನಿಗೆ, ನಮ್ಮ ಅತ್ತೆಗೆ, ತುದಿ ಮನೆಯ ಅಜ್ಜನಿಗೆ ಬರುವುದಿಲ್ಲ. ಇವರೆಲ್ಲ 1956ಕ್ಕೆ ಮೊದಲು ಹುಟ್ಟಿದವರು, ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದವರು. ಅಕ್ಷರ ಕಲಿತದ್ದು ಕನ್ನಡದಲ್ಲಿ. ಬಾವಿಯ ಹತ್ತಿರ ದಿನವಿಡೀ ಇರುವವರು ಅವರೇ. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲಿ ನಮ್ಮಂಥ ಪ್ರದೇಶದ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಇದೆ. ರೋಗದ ಸೂಚನೆಯಾದರೂ ಕನ್ನಡದಲ್ಲಿ ಬರಬೇಕು, ಅದಕ್ಕೆ ಯಾರೂ ಹೋರಾಟ ಮಾಡುವ ಹಾಗೆ ಆಗಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ ಲೆಕ್ಕವನ್ನೂ ಕ್ರಮವನ್ನೂ ನಾನೇ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಮನೆಮನೆಗೆ ಕೊಟ್ಟೆ. ಬಾಯಮ್ಮ ಅದನ್ನು ಪಂಪಿನ ಸ್ವಿಚ್ಚಿನ ಪಕ್ಕ ಅಂಟಿಸಿದ್ದಾರೆ.

ಕಸದ ವಿಷಯವೂ ಬಾವಿಗೇ ಬಂದು ತಾಗುತ್ತದೆ. ಹಿಂದೆ ಮನೆಯ ಕಸವೆಲ್ಲ ಹಿತ್ತಿಲ ಹೊಂಡಕ್ಕೋ ತೆಂಗಿನ ಬುಡಕ್ಕೋ ಹೋಗುತ್ತಿತ್ತು. ಐದು ಸೆಂಟ್ಸಿನಲ್ಲಿ ಹಿತ್ತಿಲು ಎಲ್ಲಿದೆ? ಈಗ ಹರಿತ ಕರ್ಮ ಸೇನೆಯ ಹೆಂಗಸರು ಮನೆಗೆ ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ, ಗೋಡೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಅಡುಗೆಮನೆಯ ಹಸಿಕಸವನ್ನು ನಾವು ಬಕೆಟ್ ಕಂಪೋಸ್ಟ್ ಮಾಡುತ್ತೇವೆ. ಡೈಪರಿಗೆ ಮಾತ್ರ ನಮ್ಮ ಓಣಿಯಲ್ಲಿ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ. ಕೆಲವರು ಅದನ್ನು ಶೌಚದ ಗುಂಡಿಗೇ ಹಾಕುತ್ತಿದ್ದರು. ಗುಂಡಿ ಕಟ್ಟಿಕೊಂಡು ನೀರು ಬದಿಯಿಂದ ಒಸರುವುದು ಹಾಗೆಯೇ.

ಗುಂಡಿಯ ಬಗ್ಗೆ ಮಾತಾಡಲು ನಮಗೆಲ್ಲ ಮುಜುಗರ. ಅದಕ್ಕೇ ಯಾರಿಗೂ ಏನೂ ಗೊತ್ತಿಲ್ಲ. ಎಲ್ಲರೂ ‘ನಮ್ಮದು ಸೆಪ್ಟಿಕ್ ಟ್ಯಾಂಕ್’ ಅನ್ನುತ್ತಾರೆ. ಹಲವು ಮನೆಗಳಲ್ಲಿ ಇರುವುದು ತಳವೇ ಇಲ್ಲದ, ಕಲ್ಲೋ ರಿಂಗೋ ಇಳಿಸಿದ ಬರೀ ಗುಂಡಿ. ನಿಜವಾದ ಸೆಪ್ಟಿಕ್ ಟ್ಯಾಂಕಿಗೆ ಕಾಂಕ್ರೀಟಿನ ತಳ ಇರುತ್ತದೆ, ಎರಡು ಕೋಣೆ ಇರುತ್ತದೆ. ಗಟ್ಟಿಯದ್ದು ಅಲ್ಲೇ ಕೂತು, ನೀರು ಮಾತ್ರ ಇಂಗುಗುಂಡಿಗೆ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ‘ಮೂವತ್ತು ವರ್ಷದಿಂದ ತುಂಬಲೇ ಇಲ್ಲ’ ಎಂದು ಕೆಲವರು ಅಭಿಮಾನದಿಂದ ಹೇಳುವುದನ್ನು ಕೇಳಿದ್ದೇನೆ. ತುಂಬಲಿಲ್ಲ ಅಂದರೆ ಅದೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳಬೇಕಲ್ವಾ?

ಇಷ್ಟೆಲ್ಲ ತೊಂದರೆ ಇರುವಾಗ ಬಾವಿ ಬಿಟ್ಟು ನಳ್ಳಿ ನೀರಿಗೆ ಹೋಗಬಾರದೇ ಎಂದು ಮಕ್ಕಳು ಕೇಳುತ್ತಾರೆ. ನಳ್ಳಿ ಇರುವವರ ಹಳೆಯ ಕಷ್ಟ ಅವರಿಗೆ ಗೊತ್ತಿಲ್ಲ. ಪೇಟೆಯ ನಳ್ಳಿಗೆ ನೀರು ಬರುವುದು ಪಯಸ್ವಿನಿ ಹೊಳೆಯಿಂದ, ಬಾವಿಕ್ಕೆರೆ ಎಂಬಲ್ಲಿಂದ. ಬೇಸಗೆಯಲ್ಲಿ ಹೊಳೆ ಬತ್ತಿದ ಹಾಗೆ, ಅದು ಸೇರುವ ಚಂದ್ರಗಿರಿಯ ಅಳಿವೆಯಿಂದ ಉಪ್ಪುನೀರು ಮೇಲಕ್ಕೆ ಏರುತ್ತಿತ್ತು. ಪ್ರತಿ ವರ್ಷ ಮರಳಿನ ಚೀಲಗಳ ತಾತ್ಕಾಲಿಕ ಕಟ್ಟ ಕಟ್ಟುತ್ತಿದ್ದರು. ಅದು ತಡವಾದರೆ, ಇಲ್ಲವೇ ಒಡೆದರೆ, ಪೇಟೆಯ ನಳ್ಳಿಗಳಲ್ಲಿ ಉಪ್ಪುನೀರು. ಅಕ್ಕಿ ಬೇಯಿಸಲೂ ಆಗದ ನೀರು. ಆಗ ನೆಲ್ಲಿಕುಂಜೆ ಕಡೆಯ ನಮ್ಮ ನೆಂಟರು ಕ್ಯಾನ್ ಹಿಡಿದು ನಮ್ಮ ಬಾವಿಗೆ ಬರುತ್ತಿದ್ದರು. ಈಗ ಅಲ್ಲಿ ಶಾಶ್ವತ ಅಣೆಕಟ್ಟು ಆಗಿದೆ, ಪರಿಸ್ಥಿತಿ ಎಷ್ಟೋ ವಾಸಿ. ನಳ್ಳಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅಂಗಳದಲ್ಲಿರುವ ನೀರನ್ನು ಕೆಡಲು ಬಿಟ್ಟು ದೂರದ ಹೊಳೆಯನ್ನು ನಂಬಿ ಕೂರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಮತ್ತೆ ಮಳೆ ಇದೆಯಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ತಾರಸಿಯ ಮೇಲೆ ಒಂದು ವರ್ಷಕ್ಕೆ ಮೂರು ಲಕ್ಷ ಲೀಟರ್ ಬೀಳುತ್ತದೆ. ಅಷ್ಟನ್ನೂ ಪೈಪಿನಲ್ಲಿ ರಸ್ತೆಗೆ ಬಿಟ್ಟು, ರಸ್ತೆಯಲ್ಲಿ ನೀರು ನಿಂತಿತು ಎಂದು ಕೌನ್ಸಿಲರಿಗೆ ಫೋನು ಮಾಡುತ್ತೇವೆ. ತೃಶ್ಶೂರು ಜಿಲ್ಲೆಯಲ್ಲಿ 2008ರಿಂದ ‘ಮಳಪೊಲಿಮ’ ಎಂಬ ಯೋಜನೆಯಲ್ಲಿ ತಾರಸಿಯ ನೀರನ್ನು ಬಾವಿಗೆ ಇಳಿಸಿದ್ದಾರೆ. ನಮ್ಮದೇ ಜಿಲ್ಲೆಯ ಪತ್ರಕರ್ತ ಶ್ರೀ ಪಡ್ರೆಯವರು ಇಂಥ ಅನುಭವಗಳನ್ನು ದಶಕಗಳಿಂದ ಕನ್ನಡದಲ್ಲಿ ಬರೆಯುತ್ತಲೇ ಬಂದಿದ್ದಾರೆ. ಅದನ್ನೆಲ್ಲ ಓದಿಯೇ ನಾವು ಶುರು ಮಾಡಿದ್ದು. ತಾರಸಿಯ ಪೈಪನ್ನು ಒಂದು ಡ್ರಮ್ಮಿಗೆ ಕೊಟ್ಟು, ಅದರಲ್ಲಿ ಜಲ್ಲಿ, ಇದ್ದಿಲು, ಮರಳಿನ ಪದರ ಹಾಕಿ, ಅಲ್ಲಿಂದ ಬಾವಿಗೆ. ಮೊದಲ ಕೆಲವು ಮಳೆಯನ್ನು ಹೊರಗೆ ಬಿಡಬೇಕು, ತಾರಸಿಯ ಧೂಳು, ಹಕ್ಕಿಯ ಹಿಕ್ಕೆ ತೊಳೆದು ಹೋಗಲಿ ಎಂದು. ಮುರಕಲ್ಲಿನಲ್ಲಿ ನೀರು ನಿಲ್ಲುವುದು ಕಡಿಮೆ. ಜೂನಿನಲ್ಲಿ ಇಳಿಸಿದ್ದು ಎಪ್ರಿಲಿಗೆ ಹಾಗೆಯೇ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಕೊನೆಯ ತುಲಾಮಾಸದ (ಅಕ್ಟೋಬರ್-ನವೆಂಬರ್) ಮಳೆಯನ್ನು ಇಳಿಸಿದರೆ ಹೆಚ್ಚು ಉಪಯೋಗ ಎಂಬುದು ನಮ್ಮ ಅನುಭವ.

ಬಾಯಮ್ಮನಿಗೂ ಮಾಷಿಗೂ ಮಾತು ಬಂದದ್ದು ನಿಧಾನಕ್ಕೆ. ರಿಪೋರ್ಟು ಬಂದ ಮರುದಿನವೇ ಎಲ್ಲ ಸರಿಹೋಯಿತು ಅಂತ ಏನೂ ಇಲ್ಲ. ಮಾಷ್ ಮುಂದಿನ ಬೇಸಗೆಯಲ್ಲಿ ಯಾರೂ ಹೇಳದೆಯೇ ಹಳೆಯ ಗುಂಡಿಯನ್ನು ಖಾಲಿ ಮಾಡಿಸಿ, ಮನೆಯ ಮುಂಬದಿಗೆ ತಳವಿರುವ ಟ್ಯಾಂಕ್ ಕಟ್ಟಿಸಿದರು. ಕಾರು ನಿಲ್ಲಿಸುವ ಜಾಗದ ಅಡಿಯಲ್ಲೇ. ಅದೇ ಬೇಸಗೆಯಲ್ಲಿ ಬಾಯಮ್ಮ ತಮ್ಮ ಬಾವಿಯ ಕೆಸರು ತೆಗೆಸಿದರು. ಇಳಿಯುವವನು ಮೊದಲು ಉರಿಯುವ ಕ್ಯಾಂಡಲನ್ನು ಬಕೆಟಿನಲ್ಲಿ ಇಳಿಸಿದ. ಅರ್ಧಕ್ಕೆ ಆರಿಹೋಯಿತು. ಎಲೆಯಿರುವ ಗೆಲ್ಲೊಂದನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಎಳೆದು ಗಾಳಿ ಆಡಿಸಬೇಕಾಯಿತು. ಆ ಹಗ್ಗ ಎಳೆಯಲು ಜನ ಸಾಲದೆ ಬಾಯಮ್ಮ ಗೋಡೆಯ ಮೇಲಿಂದ ಮಾಷನ್ನು ಕೂಗಿದರು. ಅವರು ಲುಂಗಿ ಎತ್ತಿಕಟ್ಟಿಕೊಂಡು ಬಂದರು. ಕ್ಯಾಂಡಲು ತಳದವರೆಗೂ ಉರಿಯುವ ತನಕ ಯಾರೂ ಯಾರನ್ನೂ ಇಳಿಯಲು ಬಿಡಲಿಲ್ಲ. ದಯವಿಟ್ಟು ಎಲ್ಲರೂ ಹೀಗೆಯೇ ಮಾಡಿ. ಬಾವಿಯೊಳಗೆ ಉಸಿರುಗಟ್ಟಿ ಸತ್ತವರ ಸುದ್ದಿ ಪ್ರತಿ ಬೇಸಗೆಯಲ್ಲೂ ಬರುತ್ತದೆ.

ಈಗ ಮಾಷ್ ಮನೆಯ ಪೂರ್ವದ ಖಾಲಿ ಜಾಗ ಮಾರಾಟವಾಗಿದೆ. ತೆಗೆದುಕೊಂಡವರು ಗಲ್ಫಿನಲ್ಲಿದ್ದಾರೆ. ಗೂಟ ಹೊಡೆದಾಗಿದೆ, ಈಶಾನ್ಯದಲ್ಲಿ ಬಾವಿಗೆ ಗುರುತು ಹಾಕಿದ್ದಾರೆ. ಗುಂಡಿ ವಾಯವ್ಯಕ್ಕೆ, ಅಂದರೆ ಮಾಷ್ ಅವರ ಬಾವಿಯ ಪಕ್ಕಕ್ಕೆ. ಮಾಷ್ ಟೇಪು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಎಲ್ಲರೂ ಸೇರಿ ಅಳೆದೆವು. ಗುರುತು ಹಾಕಿದಲ್ಲಿಂದ ಮಾಷ್ ಬಾವಿಗೆ ಮೂರು ಮೀಟರೂ ಇಲ್ಲ. ವಿಡಿಯೋ ಕಾಲಿನಲ್ಲಿ ಜಾಗದ ಯಜಮಾನರಿಗೆ ಎಲ್ಲ ತೋರಿಸಿದೆವು. ಒಳ್ಳೆಯ ಮನುಷ್ಯ. ‘ನನಗೆ ಇದೆಲ್ಲ ಗೊತ್ತಿರಲಿಲ್ಲ ಅಕ್ಕ, ಕಂಟ್ರಾಕ್ಟರ್ ಹೇಳಿದ ಹಾಗೆ ಮಾಡಿದ್ದು’ ಎಂದರು. ನಾವು ಕೇಳಿಕೊಂಡದ್ದು ಇಷ್ಟು. ಗುಂಡಿ ದಕ್ಷಿಣದ ರಸ್ತೆ ಬದಿಗೆ ಬರಲಿ. ತಳ ಕಾಂಕ್ರೀಟ್ ಆಗಲಿ. ಇಂಗುಗುಂಡಿಯನ್ನು ಆಳ ಮಾಡದೆ ಅಗಲ ಮಾಡಲಿ. ಕೆಸರು ತೆಗೆಯುವ ಲಾರಿಯ ಪೈಪು ತಲುಪುವ ಹಾಗೆ ಮುಚ್ಚಳ ಇರಲಿ. ಕಂಟ್ರಾಕ್ಟರ್ ಖರ್ಚು ಜಾಸ್ತಿ ಆಗುತ್ತದೆ ಅನ್ನುತ್ತಿದ್ದಾನೆ. ವಾಸ್ತುವಿನವರು ದಕ್ಷಿಣ ಬೇಡ ಅನ್ನುತ್ತಿದ್ದಾರಂತೆ. ಪ್ಲಾನ್ ಇನ್ನೂ ನಗರಸಭೆಗೆ ಹೋಗಿಲ್ಲ, ಓಣಂ ಕಳೆದು ಸಲ್ಲಿಸುತ್ತಾರಂತೆ. ಯಜಮಾನರ ತಾಯಿ ಕೂಡ್ಲಿನಲ್ಲಿದ್ದಾರೆ. ಅವರ ಮಾತನ್ನು ಮಗ ತೆಗೆದುಹಾಕುವುದಿಲ್ಲ ಎಂದು ಉಮ್ಮ ಹೇಳಿದರು. ಈ ಭಾನುವಾರ ನಾನು, ಉಮ್ಮ, ಬಾಯಮ್ಮ ಅವರನ್ನು ನೋಡಿ ಬರಲು ಹೋಗುತ್ತಿದ್ದೇವೆ. ಮಾಷ್ ನಕ್ಷೆ ಬರೆದು ಕೊಟ್ಟಿದ್ದಾರೆ, ಯಾವ ಬಾವಿಯಿಂದ ಎಷ್ಟು ಮೀಟರ್ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಗುರುತು ಹಾಕಿ.